ಮೂವತ್ತೆಂಟು ಸಾವಿರದ ಅಕ್ಸೆಸರೀಸ್, ಗಾಳಿ ನೋಡುವ ಗೇಜ್ ಮಾತ್ರ ಇಲ್ಲ

ಮಾನ್ಯ ಸಂಪಾದಕರೇ,

ಆಯುಧಪೂಜೆಗೆ ನೀವು ಕೊಟ್ಟ ವಾಹನ ಪುರವಣಿ ನೋಡಿದೆ. ಎಂಟು ಪುಟದಲ್ಲಿ ಐದು ಪುಟ ಕಾರಿನ ಅಕ್ಸೆಸರೀಸ್ ಜಾಹೀರಾತೇ. ಜಾಹೀರಾತು ಹಾಕಬೇಡಿ ಅನ್ನುವುದಿಲ್ಲ, ನಿಮ್ಮ ಪತ್ರಿಕೆಯೂ ನಡೆಯಬೇಕಲ್ವಾ. ಆದರೆ ಆ ಸಾಮಾನುಗಳನ್ನು ಕಾರಿಗೆ ಹಾಕುವವನೂ ನಾನೇ, ಆರು ತಿಂಗಳ ಮೇಲೆ ಬಿಚ್ಚುವವನೂ ನಾನೇ. ಹಾಸನದ ಬಿ.ಎಂ. ರಸ್ತೆಯಿಂದ ಒಳಗೆ ಒಂದು ಅಡ್ಡರಸ್ತೆಯಲ್ಲಿ 27 ವರ್ಷದಿಂದ ಆಟೋ ಎಲೆಕ್ಟ್ರಿಕಲ್ ಅಂಗಡಿ ಇಟ್ಟುಕೊಂಡಿದ್ದೇನೆ. ಅದಕ್ಕೇ ಈ ಕಾಗದ.

ಹಬ್ಬ ಮುಗಿದ ಮೂರನೇ ದಿನ ಪರಿಚಯದ ಮೇಷ್ಟ್ರೊಬ್ಬರು ಹೊಸ ಕಾರು ತಂದು ಅಂಗಡಿ ಮುಂದೆ ನಿಲ್ಲಿಸಿದರು. ಬಾನೆಟ್ ಮೇಲೆ ಇನ್ನೂ ಕುಂಕುಮ ಇತ್ತು, ಬಂಪರಿನಲ್ಲಿ ಬಾಳೆಕಂದು ಒಣಗಿ ನೇತಾಡುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತಲ್ಲ, ಅದಕ್ಕೇ ಕಾದು ಕೂತಿದ್ದವರು. "ಐವತ್ತು ಸಾವಿರದ ಹತ್ತಿರ ಉಳೀತು ಕಣಪ್ಪ" ಎಂದು ಖುಷಿಯಾಗಿದ್ದರು. ಅಂಗಿ ಜೇಬಿನಿಂದ ಇನ್ನೊಂದು ಬಿಲ್ ತೆಗೆದರು. ಶೋರೂಮಿನ ಅಕ್ಸೆಸರೀಸ್ ಬಿಲ್ಲು. ಮೊತ್ತ 38,400.

ಅವರು ಬಂದಿದ್ದು ಬಿಲ್ ತೋರಿಸಲಿಕ್ಕಲ್ಲ. "ಬ್ರೇಕ್ ಯಾಕೋ ಪೂರ್ತಿ ಇಳೀತಿಲ್ಲ ಅನ್ಸುತ್ತೆ" ಎಂದರು. ನಾನು ಮೊಣಕಾಲೂರಿ ಡ್ರೈವರ್ ಸೀಟಿನ ಕೆಳಗೆ ಟಾರ್ಚ್ ಬಿಟ್ಟೆ. ಕಂಪನಿ ಕೊಟ್ಟ ಮ್ಯಾಟ್ ಇದೆ. ಅದರ ಮೇಲೆ ಸೆವೆನ್ ಡಿ ಅನ್ನುವ ದಪ್ಪ ಮ್ಯಾಟ್. ಅದು ಕೊಳೆಯಾಗಬಾರದು ಅಂತ ಅದರ ಮೇಲೆ ಶ್ಯಾವಿಗೆ ತರದ ಪ್ಲಾಸ್ಟಿಕ್ ಹಾಸು. ಮೂರೂ ಸೇರಿ ಎರಡು ಬೆರಳು ದಪ್ಪ. ಮೇಲಿನ ಹಾಸು ಹಿಮ್ಮಡಿಯ ಒತ್ತಡಕ್ಕೆ ಮುಂದೆ ಜಾರಿ, ಅಂಚು ಬ್ರೇಕ್ ಪೆಡಲ್ ಅಡಿಯಲ್ಲಿ ಮಡಚಿ ಕೂತಿತ್ತು. ಕೈಯಲ್ಲಿ ಒತ್ತಿ ನೋಡಿದೆ. ಪೆಡಲ್ ಮುಕ್ಕಾಲು ಭಾಗ ಇಳಿದು ಮೆತ್ತಗೆ ನಿಲ್ಲುತ್ತಿತ್ತು. ಮರುದಿನ ಬೆಳಿಗ್ಗೆ ಮೇಷ್ಟ್ರು ಇದೇ ಕಾರಿನಲ್ಲಿ ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೊರಟಿದ್ದರು.

2009ರಲ್ಲಿ ಅಮೆರಿಕದಲ್ಲಿ ಟೊಯೋಟಾ ಕಂಪನಿ ಲಕ್ಷಗಟ್ಟಲೆ ಕಾರುಗಳನ್ನು ವಾಪಸ್ ಕರೆಸಿದ್ದು ಇಂಥದ್ದೇ ಮ್ಯಾಟಿನ ಕಾರಣಕ್ಕೆ. ಅಲ್ಲಿ ಆಕ್ಸಿಲರೇಟರ್ ಸಿಕ್ಕಿಹಾಕಿಕೊಳ್ಳುತ್ತಿತ್ತು. ಮ್ಯಾಟ್ ಒಂದೇ ಇರಬೇಕು, ಅದು ಕೆಳಗಿನ ಕೊಕ್ಕೆಗೆ ಸರಿಯಾಗಿ ಕೂತಿರಬೇಕು. ಮಳೆಗಾಲಕ್ಕೆ ರಬ್ಬರ್ ಮ್ಯಾಟ್ ಸಾಕು. ಕೊಳೆಯಾದರೆ ತೆಗೆದು ನಲ್ಲಿ ಕೆಳಗೆ ಹಿಡಿದರೆ ಆಯಿತು.

ಆಮೇಲೆ ಇಬ್ಬರೂ ಕೂತು ಆ ಬಿಲ್ಲನ್ನು ಸಾಲು ಸಾಲಾಗಿ ನೋಡಿದೆವು. ಸೀಟ್ ಕವರಿಗೆ ಒಂಬತ್ತು ಸಾವಿರ. ಈಗಿನ ಎಷ್ಟೋ ಕಾರಲ್ಲಿ ಆರು ಏರ್‌ಬ್ಯಾಗ್ ಬರುತ್ತವೆ, ಅದರಲ್ಲಿ ಎರಡು ಮುಂದಿನ ಸೀಟಿನ ಪಕ್ಕೆಯಲ್ಲೇ ಇರುತ್ತವೆ. ಅಲ್ಲಿ ಪುಟ್ಟದೊಂದು ಲೇಬಲ್ ಹೊಲಿದಿರುತ್ತಾರೆ. ಆ ಏರ್‌ಬ್ಯಾಗ್ ಸೀಟಿನ ಹೊಲಿಗೆ ಹರಿದುಕೊಂಡು ಹೊರಗೆ ಬರಬೇಕು. ಅದರ ಮೇಲೆ ದಪ್ಪ ರೆಕ್ಸಿನ್ ಬಿಗಿದು ಕೂರಿಸಿದರೆ ಹರಿಯುವುದು ಎಲ್ಲಿಂದ? ಮೇಷ್ಟ್ರ ಸೀಟಿನಲ್ಲಿ ಆ ಲೇಬಲ್ ಕವರಿನ ಒಳಗೆ ಮುಚ್ಚಿಹೋಗಿತ್ತು. ಏರ್‌ಬ್ಯಾಗಿಗೂ ದುಡ್ಡು ಕೊಟ್ಟು, ಅದನ್ನು ಕಟ್ಟಿಹಾಕಲಿಕ್ಕೂ ದುಡ್ಡು ಕೊಟ್ಟಂತಾಯಿತು. ಆ ಜಾಗದಲ್ಲಿ ಬಿಟ್ಟುಕೊಳ್ಳುವ ಹೊಲಿಗೆ ಇರುವ ಕವರುಗಳೂ ಸಿಗುತ್ತವೆ. ಕೇಳಿ ತಗೊಳ್ಳಬೇಕು.

ಮುಂದಿನ ಸಾಲು ಫ್ಯೂಯೆಲ್ ಸೇವರ್. ಇದರ ಮೇಲೆ ನನಗೆ ಹಳೇ ಸಿಟ್ಟಿದೆ. ಸ್ಟೀರಿಂಗ್ ಕೆಳಗೆ ಓಬಿಡಿ ಅಂತ 16 ಪಿನ್ನಿನ ಸಾಕೆಟ್ ಇರುತ್ತದೆ, ನಾವು ಸ್ಕ್ಯಾನರ್ ಚುಚ್ಚುವ ಜಾಗ. ಅದಕ್ಕೆ ಈ ಡಬ್ಬಿ ಸಿಕ್ಕಿಸಿದರೆ ಎಂಜಿನ್ ಕಂಪ್ಯೂಟರಿಗೆ ಬುದ್ಧಿ ಹೇಳಿ ಪೆಟ್ರೋಲ್ ಉಳಿಸುತ್ತದಂತೆ. ಹಿಂದೊಮ್ಮೆ ಒಬ್ಬ ಟ್ಯಾಕ್ಸಿ ಹುಡುಗ ಸಿಟ್ಟಿನಿಂದ ಅದನ್ನು ನನ್ನ ಟೇಬಲ್ ಮೇಲೆ ಎಸೆದು ಹೋಗಿದ್ದ. ಸ್ಕ್ರೂಡ್ರೈವರಿನಲ್ಲಿ ಎಬ್ಬಿಸಿ ಬಿಚ್ಚಿದೆ. ಒಳಗೆ ಉಗುರಿನಷ್ಟು ಬೋರ್ಡು, ಒಂದು ಚಿಪ್ಪು, ಮೂರು ಎಲ್‌ಇಡಿ, ಒಂದು ಬಟನ್. ಈಗಿನ ಕಾರುಗಳ ಕಂಪ್ಯೂಟರ್ ಜೊತೆ ಮಾತಾಡಬೇಕಾದರೆ 6 ಮತ್ತು 14ನೇ ಪಿನ್ ಬೇಕು. ಆ ಎರಡು ಪಿನ್ನಿಂದ ಮೀಟರ್ ಹಿಡಿದು ಹುಡುಕಿದೆ, ಎಲ್ಲಿಗೂ ತಲುಪಿರಲಿಲ್ಲ. 16ನೇ ಪಿನ್ನಿನಿಂದ ಕರೆಂಟ್, 4ರಿಂದ ಅರ್ತ್, ಅಷ್ಟೇ. ದೀಪ ಮಿಣಮಿಣ ಅನ್ನಲಿಕ್ಕೆ ಅಷ್ಟು ಸಾಕು. ಇನ್ನೊಂದು ವಿಷಯ, ಆ 16ನೇ ಪಿನ್ ಕೀ ತೆಗೆದ ಮೇಲೂ ಲೈವ್ ಇರುತ್ತದೆ. ಕಾರು ನಿಲ್ಲಿಸಿ ವಾರಗಟ್ಟಲೆ ಊರಿಗೆ ಹೋದರೆ ಈ ಉಳಿತಾಯದ ಡಬ್ಬಿ ಸುಮ್ನೆ ಬ್ಯಾಟರಿ ಹೀರುತ್ತಾ ಕೂತಿರುತ್ತದೆ. ಪೆಟ್ರೋಲ್ ಪೈಪಿಗೆ ಕಟ್ಟುವ ಆಯಸ್ಕಾಂತದ್ದೂ ಇದೇ ಕತೆ. ಅಮೆರಿಕದ ಪರಿಸರ ಇಲಾಖೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರೀಕ್ಷೆ ಮಾಡಿದೆ. ನಿಜವಾಗಿ ಉಪಯೋಗ ಕಂಡಿದ್ದು ಬೆರಳೆಣಿಕೆಯಷ್ಟರಲ್ಲಿ, ಅದೂ ಚೂರುಪಾರು.

ಹೆಡ್‌ಲೈಟಿನ ವಿಷಯಕ್ಕೆ ಬಂದರೆ ಮೊದಲು ನನ್ನ ತಪ್ಪು ಒಪ್ಪಿಕೊಳ್ಳಬೇಕು. ಅಂಗಡಿ ಹಾಕಿದ ಹೊಸದರಲ್ಲಿ 100/90 ವಾಟಿನ (ಹೈ ಬೀಮಿಗೆ 100, ಲೋ ಬೀಮಿಗೆ 90) ಬಲ್ಬುಗಳನ್ನು ಕೇಳಿದವರಿಗೆಲ್ಲ ಹಾಕಿಕೊಟ್ಟಿದ್ದೇನೆ. ಕಂಪನಿಯದು 60/55. ವೈರು ಅಷ್ಟಕ್ಕೇ ಲೆಕ್ಕ ಹಾಕಿದ್ದು. ಜಾಸ್ತಿ ವಾಟಿನ ಬಲ್ಬು ಹಾಕಿದರೆ ಹೋಲ್ಡರ್ ಕರಗುತ್ತದೆ, ಒಳಗಿನ ಕನ್ನಡಿಯ ಲೇಪ ಏಳುತ್ತದೆ. ಒಂದು ಜೀಪಿನ ಹೋಲ್ಡರ್ ಬೆಲ್ಲದ ಪಾಕದ ಹಾಗೆ ಇಳಿದು ಗಟ್ಟಿಯಾಗಿದ್ದು ಈಗಲೂ ನನ್ನ ಡ್ರಾಯರಿನಲ್ಲಿದೆ, ಗಿರಾಕಿಗಳಿಗೆ ತೋರಿಸಲಿಕ್ಕೆ ಇಟ್ಟುಕೊಂಡಿದ್ದೇನೆ. ಈಗ ಎಲ್ಲರಿಗೂ ಬಿಳಿ ಎಲ್‌ಇಡಿ ಬೇಕು. ಹ್ಯಾಲೊಜೆನ್ ಬಲ್ಬಿಗೆ ಅಂತ ಮಾಡಿದ ರಿಫ್ಲೆಕ್ಟರ್ ಆ ಬಲ್ಬಿನ ತಂತಿ ಎಲ್ಲಿರುತ್ತದೋ ಅದನ್ನು ನೋಡಿಯೇ ಬೆಳಕು ತಿರುಗಿಸುತ್ತದೆ. ಅದಕ್ಕೆ ಎಲ್‌ಇಡಿ ತುರುಕಿದರೆ ಬೆಳಕು ದಿಕ್ಕಾಪಾಲಾಗಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಜುಲೈ ತಿಂಗಳಲ್ಲಿ ಸಕಲೇಶಪುರ ದಾಟಿ ಮಂಜಿನಲ್ಲಿ ಒಮ್ಮೆ ಓಡಿಸಿ ನೋಡಲಿ. ಆ ಬೆಳಕೆಲ್ಲ ಮಂಜಿಗೆ ಬಡಿದು ನಮ್ಮ ಮುಖಕ್ಕೇ ವಾಪಸ್. ರಸ್ತೆ ಬದಲು ಬಿಳಿ ಪಂಚೆ ಕಾಣುತ್ತದೆ.

ಮುಂದಿನ ಬಂಪರಿಗೆ ಕಬ್ಬಿಣದ ಗಾರ್ಡ್ ಹಾಕಿಸಿ ಅಂತ ಮೇಷ್ಟ್ರಿಗೆ ಶೋರೂಮಿನವರು ಹೇಳಿರಲಿಲ್ಲ, ಅವರ ಭಾವಮೈದ ಹೇಳಿದ್ದ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಇಲಾಖೆ ಇಂಥ ಗಾರ್ಡ್ ಹಾಕಿದವರ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ. ಕಾರಿನ ಮೂತಿ ಮಾಡಿರುವುದೇ ಗುದ್ದಿದಾಗ ಸುಕ್ಕಾಗಿ ಏಟು ತಿನ್ನಲಿ ಅಂತ. ಗಾರ್ಡನ್ನು ನೇರ ಚಾಸಿಗೆ ಬೋಲ್ಟ್ ಮಾಡಿದರೆ ಏಟು ಒಳಗೆ ಕೂತವರಿಗೆ ಬರುತ್ತದೆ, ಏರ್‌ಬ್ಯಾಗಿನ ಸೆನ್ಸರಿನ ಲೆಕ್ಕವೂ ತಪ್ಪಬಹುದು. ರಸ್ತೆ ದಾಟುವವನ ಕಾಲಿನ ಗತಿ ಹೇಳುವುದೇ ಬೇಡ. "ನಮ್ಮ ಕಡೆ ಆನೆ ಕಾಟ, ಗಾರ್ಡ್ ಇರಲಿ ಅಣ್ಣ" ಎಂದು ಆಲೂರು ಕಡೆಯ ಒಬ್ಬರು ವಾದ ಮಾಡಿದ್ದರು. ಆನೆ ಬಂದಾಗ ಬೇಕಾಗುವುದು ರಿವರ್ಸ್ ಗೇರ್ ಸ್ವಾಮಿ, ಗಾರ್ಡಲ್ಲ.

ಸನ್ ಫಿಲ್ಮ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2012ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮಿಗೆ ತಡೆ ಹಾಕಿತು. ಮುಂದಿನ, ಹಿಂದಿನ ಗಾಜಿನಲ್ಲಿ ಶೇ 70, ಪಕ್ಕದವಲ್ಲಿ ಶೇ 50 ಬೆಳಕು ದಾಟಬೇಕು ಅನ್ನುವುದು ನಿಯಮ. ಅಂಗಡಿಯವರು "ಇದು 70ರ ಫಿಲ್ಮ್ ಸಾರ್" ಎನ್ನುತ್ತಾರೆ. ಗಾಜೇ ಶೇ 75 ಬೆಳಕು ಬಿಡುವುದಿದ್ದರೆ, ಅದರಲ್ಲಿ ಫಿಲ್ಮ್ ಬಿಡುವುದು ಶೇ 70, ಎರಡೂ ಸೇರಿ ಶೇ 52 ಆಯಿತು. ಈ ಗುಣಾಕಾರ ಮೇಷ್ಟ್ರಿಗೆ ನಾನು ಹೇಳಿಕೊಡಬೇಕಾಯಿತು ನೋಡಿ.

ಸಿಗರೇಟ್ ಸಾಕೆಟ್ಟಿಗೆ ಹಾಕುವ ವ್ಯಾಕ್ಯೂಮ್ ಕ್ಲೀನರ್ ಕೂಡ ಇತ್ತು. ಅಲ್ಲಿ ಸಿಗುವುದು 12 ವೋಲ್ಟ್, 10 ಆಂಪಿಯರ್, ಅಂದರೆ 120 ವಾಟು. ಮನೆಯ ಮಿಕ್ಸಿಯೇ ಅದಕ್ಕಿಂತ ಜೋರಾಗಿರುತ್ತದೆ. ಕಡಲೆಪುರಿ ಎಳೆಯುತ್ತದೆ, ಮರಳು ಎಳೆಯುವುದಿಲ್ಲ. ಗಾಜಿಗೆ ಸಿಕ್ಕಿಸುವ ಸೋಲಾರ್ ಫ್ಯಾನ್, ಕತ್ತಿನ ದಿಂಬು, ಕ್ರೋಮ್ ಪಟ್ಟಿ, ಜೆಲ್ ಸೆಂಟು ಇವೆಲ್ಲ ಅವರವರ ಇಷ್ಟ, ಪ್ರಾಣಕ್ಕೇನೂ ಅಪಾಯ ಇಲ್ಲ. ತುಕ್ಕು ಹಿಡಿಯದ ಕೋಟಿಂಗಿಗೆ ಆರು ಸಾವಿರ ಅಂತಿತ್ತು. ಮಂಗಳೂರಿನ ಉಪ್ಪುಗಾಳಿಯಲ್ಲಿ ಓಡಾಡುವವರದ್ದು ಬೇರೆ ಮಾತು, ಹಾಸನದಲ್ಲಿ ಹೊಸ ಕಾರಿಗೆ ಅದರ ಆತುರ ಏನಿತ್ತೋ.

ಆದರೆ ಬಿಲ್ಲಿನ ಕೊನೆಯಲ್ಲಿ, ಫ್ರೀ ಅಂತ ಬರೆದು ಕೊಟ್ಟಿದ್ದ ಒಂದು ವಸ್ತು ನೋಡಿ ನನ್ನ ತಲೆ ಕೆಟ್ಟಿತು. ಸೀಟ್ ಬೆಲ್ಟ್ ಕ್ಲಿಪ್, ಎರಡು. ಬೆಲ್ಟ್ ಹಾಕದಿದ್ದರೆ ಕಾರು ಟಿಣ್ ಟಿಣ್ ಎನ್ನುತ್ತದಲ್ಲ, ಅದರ ಬಾಯಿ ಮುಚ್ಚಿಸುವ ಬರೀ ಲೋಹದ ನಾಲಿಗೆ. ಉದ್ಯಮಿ ಸೈರಸ್ ಮಿಸ್ತ್ರಿ ಅವರು 2022ರಲ್ಲಿ ತೀರಿಕೊಂಡ ಅಪಘಾತ ಆದ ಮೇಲೆ ಸೀಟ್ ಬೆಲ್ಟಿನ ವಿಷಯ ದೇಶವೆಲ್ಲ ಮಾತಾಡಿತ್ತು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ಕಂಪನಿಗಳ ಮೇಲೆ ಆದೇಶ ಮಾಡಿ ಈ ಕ್ಲಿಪ್ಪಿನ 13,118 ಲಿಸ್ಟಿಂಗ್ ತೆಗೆಸಿತು. ಆನ್‌ಲೈನಿಂದ ತೆಗೆದದ್ದು ಶೋರೂಮಿನ ಕೌಂಟರಿನಲ್ಲಿ ಉಡುಗೊರೆಯಾಗಿ ಕೂತಿದೆ. ಬೆಲ್ಟ್ ಇಲ್ಲದವನಿಗೆ ಏರ್‌ಬ್ಯಾಗ್ ದಿಂಬಲ್ಲ. ಅವನು ಮುಂದಕ್ಕೆ ಹಾರುವ ಹೊತ್ತಿಗೆ ಅದೂ ಜೋರಾಗಿ ಎದುರಿನಿಂದ ಬಂದು ಮುಖಕ್ಕೆ ಹೊಡೆಯುತ್ತದೆ. ನನ್ನ ಅಳಿಯನ ಕಾರಿನಲ್ಲೂ ಒಂದಿತ್ತು. "ಹತ್ತಿರ ಹೋಗ್ಬೇಕಾದ್ರೆ ಅಷ್ಟೇ ಮಾವ" ಎಂದಿದ್ದ. ಅವತ್ತೇ ಕಿತ್ತು ತಂದೆ. ಅಂಥವು ನನ್ನ ಅಂಗಡಿಯ ಹಾರ್ಲಿಕ್ಸ್ ಬಾಟಲಿಯಲ್ಲಿ 19 ಇದ್ದವು. ಮೇಷ್ಟ್ರದ್ದು ಸೇರಿ 21.

ಹಾಗಂತ ಏನನ್ನೂ ಕೊಳ್ಳಬೇಡಿ ಎನ್ನುತ್ತಿಲ್ಲ, ನನ್ನ ಹೊಟ್ಟೆಪಾಡೂ ಇದೆ. ರಿವರ್ಸ್ ಕ್ಯಾಮೆರಾ ಒಳ್ಳೆಯದು, ಮನೆ ಅಂಗಳದಲ್ಲಿ ಮಕ್ಕಳು ಆಡುವ ಕಡೆ ಬೇಕೇ ಬೇಕು. ಮಡ್ ಫ್ಲ್ಯಾಪ್ ಒಳ್ಳೆಯದು. ಪುಟ್ಟ ಮಗು ಇದ್ದರೆ ಮಕ್ಕಳ ಸೀಟು ಕೊಳ್ಳಿ. ಎಷ್ಟು ಜನ ಮಗುವನ್ನು ಮುಂದೆ ತೊಡೆ ಮೇಲೆ ಕೂರಿಸಿಕೊಂಡು ಬರುತ್ತಾರೆ! ಅವರ ಕಾರಿನಲ್ಲಿ ಹದಿನಾರು ಬಣ್ಣದ ಲೈಟು ಮಾತ್ರ ಇರುತ್ತದೆ. ಆ ಲೈಟಿಗೆ ಶೋರೂಮಿನವರು ಹೊಸ ಕಾರಿನ ವೈರು ಕತ್ತರಿಸಿ, ಫ್ಯೂಸ್ ಇಲ್ಲದೆ ಟೇಪ್ ಸುತ್ತಿ ಕನೆಕ್ಷನ್ ಕೊಟ್ಟಿರುತ್ತಾರೆ. ಮುಂದೆ ಏನಾದರೂ ಸುಟ್ಟರೆ ವಾರಂಟಿ ಇಲ್ಲ ಎನ್ನುವವರೂ ಅವರೇ.

ಮೇಷ್ಟ್ರ ಕಾರಿನಿಂದ ಎರಡು ಮ್ಯಾಟ್, ಫ್ಯೂಯೆಲ್ ಸೇವರ್, ಮುಂದಿನ ಸೀಟಿನ ಕವರುಗಳನ್ನು ತೆಗೆದೆ. ಒಂದೂವರೆ ಗಂಟೆ ಹಿಡಿಯಿತು. ಕೊನೆಗೆ "ಟೈರಿನ ಗಾಳಿ ನೋಡಿದ್ರಾ?" ಎಂದು ಕೇಳಿದೆ. "ಹೊಸ ಕಾರಲ್ವೇನೋ, ಶೋರೂಮಲ್ಲಿ ನೋಡಿರ್ತಾರೆ" ಎಂದರು. ಡ್ರೈವರ್ ಬಾಗಿಲು ತೆರೆದು ಪಕ್ಕದ ಸ್ಟಿಕ್ಕರ್ ತೋರಿಸಿದೆ, 33 ಅಂತಿತ್ತು. ನನ್ನ ಗೇಜ್ ಇಟ್ಟು ನೋಡಿದರೆ ನಾಲ್ಕೂ ಚಕ್ರದಲ್ಲಿ 44. ಯಾರ್ಡಿನಲ್ಲಿ ತಿಂಗಳುಗಟ್ಟಲೆ ನಿಲ್ಲುವ ಕಾರಿಗೆ ಹಾಗೆ ಜಾಸ್ತಿ ತುಂಬಿಡುತ್ತಾರೆ, ಕೊಡುವಾಗ ಇಳಿಸಬೇಕು. ಇಳಿಸಿರಲಿಲ್ಲ. ಗಾಳಿ ಬಿಟ್ಟು 33ಕ್ಕೆ ತಂದೆ.

"ಈ ಗೇಜಿಗೆ ಎಷ್ಟಪ್ಪ?" ಎಂದರು ಮೇಷ್ಟ್ರು. ಮುನ್ನೂರೈವತ್ತು ಎಂದೆ. ಆ ಬಿಲ್ಲಿನ ಹಿಂದೆಯೇ ಬರೆದುಕೊಂಡರು.

ಮುಂದಿನ ವರ್ಷ ಪುರವಣಿ ಮಾಡುವಾಗ ಅರ್ಧ ಪುಟ ಇಂಥ ಮಾತಿಗೂ ಜಾಗ ಇಡಿ. ಬೇಕಾದರೆ ಆ ಹಾರ್ಲಿಕ್ಸ್ ಬಾಟಲಿಯ ಫೋಟೋ ಕಳಿಸಿಕೊಡುತ್ತೇನೆ.

– ಒಬ್ಬ ಆಟೋ ಎಲೆಕ್ಟ್ರಿಷಿಯನ್, ಹಾಸನ