ಹೆಸರಿಗಷ್ಟೇ ಉಳಿದ ಐಸ್‌ಹೌಸ್

ಮಾನ್ಯರೇ,

ಬೆಂಗಳೂರಿನ ಹಳೇ ಬಾರ್‌ಗಳು ಮುಚ್ಚಿದಾಗ ಊರಿನವರು ಬೇಸರಪಡುತ್ತಾರೆ. ಟೆಕ್ಸಾಸ್‌ನಲ್ಲೂ ಅದೇ ಕಥೆ. ಫ್ರಿಜ್ ಇಲ್ಲದ ಕಾಲದಲ್ಲಿ ಇಲ್ಲಿನ ಐಸ್‌ಹೌಸ್‌ಗಳು ಮಂಜುಗಡ್ಡೆ ಮಾರುತ್ತಿದ್ದವು. ಐಸ್ ಇದ್ದ ಮೇಲೆ ತಣ್ಣನೆ ಬಿಯರ್ ಇಡದೆ ಇರುತ್ತಾರಾ? 1933ರಲ್ಲಿ ಪಾನನಿಷೇಧ ಹೋದ ಮೇಲೆ ಅವೇ ಬಡಾವಣೆಯ ಅಡ್ಡಾಗಳಾದವು. ನಮ್ಮ ಬೀದಿಯ ತುದಿಯಲ್ಲೂ ಒಂದಿತ್ತು. ಎಸಿ ಇಲ್ಲ. ಗೋಡೆ ಬದಲು ಮೇಲೆತ್ತುವ ಶಟರ್, ಹೊರಗೆ ಮರದ ಬೆಂಚು. ಮೆಕ್ಯಾನಿಕ್ಕೂ ವಕೀಲರೂ ಅಕ್ಕಪಕ್ಕ ಕೂರುತ್ತಿದ್ದರು.

1927ರಲ್ಲಿ ಡಲ್ಲಾಸ್‌ನ ಒಂದು ಐಸ್ ಅಂಗಡಿ ಹಾಲು, ಬ್ರೆಡ್, ಮೊಟ್ಟೆಯನ್ನೂ ಮಾರತೊಡಗಿತು. ಅದೇ ಬೆಳೆದು ಸೆವೆನ್-ಇಲೆವೆನ್ ಅನ್ನೋ ದಿನಬಳಕೆ ಸಾಮಾನಿನ ಅಂಗಡಿಗಳ ಸರಪಳಿ ಆಯಿತು. ಅಂಥ ಅಂಗಡಿಗಳೇ ಆಮೇಲೆ ಐಸ್‌ಹೌಸ್‌ಗಳ ಗಿರಾಕಿಗಳನ್ನು ಸೆಳೆದುಕೊಂಡವು, ನೋಡಿ! ಹ್ಯೂಸ್ಟನ್‌ನಲ್ಲಿ 1928ರ ವೆಸ್ಟ್ ಅಲಬಾಮಾ ಐಸ್ ಹೌಸ್ ಹೇಗೋ ಉಳಿದಿದೆ. ಹೊಸ ಬಾರ್‌ಗಳು ಸುಮ್ನೆ ‘ಐಸ್‌ಹೌಸ್’ ಅಂತ ಬೋರ್ಡ್ ಹಾಕಿಕೊಂಡು ಜಾಸ್ತಿ ದುಡ್ಡು ಕೀಳುತ್ತಿವೆ.

– ಓದುಗ, ಹ್ಯೂಸ್ಟನ್