ತಮ್ಮನ ಕಾಲಿಗೆ ಜೊತೆಯಾದವರಿಗೆ

ನನ್ನ ತಮ್ಮ ಈಗ ವಾಕರ್ ಹಿಡಿದು ನಡೆಯುತ್ತಾನೆ. ಜಗಲಿಯಿಂದ ಕೊಟ್ಟಿಗೆವರೆಗೆ ಹೋಗಿ, ಹಸುವಿನ ಮೈ ಸವರಿ, ಯಾರ ಕೈಯನ್ನೂ ಹಿಡಿಯದೆ ವಾಪಸ್ ಬರುತ್ತಾನೆ. ಹೊಸನಗರ ತಾಲ್ಲೂಕಿನ ನಮ್ಮ ಊರಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸುದ್ದಿ. ಆದರೆ ಇದಕ್ಕೆ ಕಾರಣರಾದ ಕೆಲವರು ನಮ್ಮ ಊರು ನೋಡಿಲ್ಲ, ತಮ್ಮನ ಹೆಸರೂ ಕೇಳಿಲ್ಲ. ಅವರಿಗೆ ಧನ್ಯವಾದ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಕಳೆದ ಮಳೆಗಾಲದಲ್ಲಿ ಔಷಧಿ ಹೊಡೆಯುವಾಗ ತಮ್ಮ ಅಡಿಕೆ ಮರದಿಂದ ಬಿದ್ದ. ಮಲೆನಾಡಿನವರಿಗೆ ಜಾಸ್ತಿ ವಿವರಿಸಬೇಕಿಲ್ಲ. ಮಳೆ ಸ್ವಲ್ಪ ಹೊಳವಾದ ಕೂಡಲೇ ಬೋರ್ಡೋ ದ್ರಾವಣ ಹೊಡೆಯಬೇಕು, ಇಲ್ಲದಿದ್ದರೆ ಕೊಳೆ ಬಂದು ಕಾಯಿ ಉದುರುತ್ತದೆ. ಮರವೆಲ್ಲ ಪಾಚಿ ಹಿಡಿದು ಜಾರುತ್ತಿರುತ್ತದೆ. ಆದರೂ ಅಡಿಕೆ ಮರ ಹತ್ತುವ ಕೆಲಸದವರು, ನಮ್ಮ ಕೊನೆಗಾರರು, ಏರುತ್ತಾರೆ. ಕೆಳಗಿಳಿಯದೆ ಒಂದು ಮರದ ತಲೆಯಿಂದ ಪಕ್ಕದ ಮರಕ್ಕೆ ದಾಟುತ್ತಾರೆ. ತಮ್ಮ ಹುಡುಗನಾಗಿದ್ದಾಗಿನಿಂದ ಇದೇ ಕೆಲಸ ಮಾಡಿದವನು.

ಮೊದಲ ಧನ್ಯವಾದ ಅವತ್ತು ತೋಟಕ್ಕೆ ಓಡಿ ಬಂದ ಅಕ್ಕಪಕ್ಕದ ಮನೆಯವರಿಗೆ. ಬಿದ್ದವರನ್ನು ಕೈಕಾಲು ಹಿಡಿದು ಎತ್ತಿ, ಕೂರಿಸಿ, ನೀರು ಕುಡಿಸುವುದು ನಮ್ಮಲ್ಲಿ ರೂಢಿ. ಬೆನ್ನುಮೂಳೆ ಮುರಿದಿದ್ದರೆ ಹಾಗೆ ಎತ್ತುವಾಗಲೇ ಒಳಗಿನ ಹುರಿಗೆ ಇನ್ನಷ್ಟು ಪೆಟ್ಟಾಗಬಹುದು. ಅವರು ಹಾಗೆ ಮಾಡಲಿಲ್ಲ. ಹಳೆಯ ಬಾಗಿಲೊಂದನ್ನು ತಂದು, ತಲೆ, ಬೆನ್ನು, ಕಾಲು ಒಂದೇ ನೇರದಲ್ಲಿ ಇರುವಂತೆ ಮಲಗಿಸಿ, ಪಂಚೆಯಲ್ಲಿ ಕಟ್ಟಿ, ಆ ಕೆಸರಿನಲ್ಲಿ ರಸ್ತೆವರೆಗೆ ಹೊತ್ತು ತಂದರು. "ಹುರಿ ಪೂರ್ತಿ ಹೋಗಿಲ್ಲ, ಸ್ವಲ್ಪ ಉಳಿದಿದೆ" ಎಂದು ಶಿವಮೊಗ್ಗದಲ್ಲಿ ಆಪರೇಷನ್ ಮಾಡಿದ ಡಾಕ್ಟರ್ ಹೇಳಿದರು. ಆಮೇಲೆ ನಡೆದದ್ದೆಲ್ಲ ಆ ಉಳಿದ ಸ್ವಲ್ಪದ ಮೇಲೆ ನಿಂತಿದೆ.

ಆಪರೇಷನ್ ಆಗಿ ಗಾಯ ಮಾಗಿತು, ಕಾಲು ಮಾತ್ರ ಅಲ್ಲಾಡಲಿಲ್ಲ. ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿ ಒಂದು ದಿನ, "ಇವರಿಗೆ ನಡೆಯುವ ಅಭ್ಯಾಸ ಸಾವಿರಾರು ಸಲ ಆಗಬೇಕು. ನಾನೊಬ್ಬಳೇ ಮಾಡಿಸೋಕೆ ಆಗಲ್ಲ. ಕೇರಳದಲ್ಲಿ ಅದಕ್ಕೇ ರೋಬೋಟ್ ಇದೆ" ಅಂದಳು. ಸೊಸೈಟಿಯವರು ಸಾಲ ಕೊಟ್ಟರು. ಹುಲಿಕಲ್ ಘಾಟಿ ಇಳಿದು, ಕುಂದಾಪುರದಲ್ಲಿ ರೈಲು ಹತ್ತಿದೆವು.

ಅಲ್ಲಿನ ಆಸ್ಪತ್ರೆಯಲ್ಲಿ ಇದ್ದದ್ದು ಜಿ-ಗೈಟರ್ ಎನ್ನುವ ಯಂತ್ರ. ಸೊಂಟಕ್ಕೂ ಎದೆಗೂ ಪಟ್ಟಿ ಕಟ್ಟಿ ಮೈಭಾರವನ್ನು ಮೇಲಿನಿಂದ ಹಿಡಿದುಕೊಳ್ಳುತ್ತದೆ. ತೊಡೆ, ಮೊಣಕಾಲುಗಳನ್ನು ಯಂತ್ರದ ಕಾಲುಗಳು ನಡಿಗೆಯ ಲಯದಲ್ಲೇ ಎತ್ತಿ ಇಡುತ್ತವೆ. ಕೈಯಲ್ಲಿ ಇದನ್ನು ಮಾಡಿಸಲು ಎರಡು ಮೂರು ಜನ ಬೇಕು, ಸ್ವಲ್ಪ ಹೊತ್ತಿಗೇ ಅವರ ಸೊಂಟವೂ ಬೀಳುತ್ತದೆ. ಯಂತ್ರಕ್ಕೆ ದಣಿವಿಲ್ಲ, ಹೆಜ್ಜೆ ತಪ್ಪುವುದೂ ಇಲ್ಲ. ಮಿದುಳಿನಿಂದ ಕಾಲಿಗೆ ಹೋಗುವ ನರದ ದಾರಿ ನಮ್ಮ ಗುಡ್ಡದ ಕಾಲುದಾರಿಯ ಹಾಗೆ. ಮುಚ್ಚಿಹೋಗಿದ್ದರೂ ದಿನಾ ತುಳಿದರೆ ಮತ್ತೆ ತೆರೆದುಕೊಳ್ಳಬಹುದು. "ಅಕ್ಕಾ, ಬಲಗಾಲು ನಾನೇ ಎತ್ತಿದೆ, ಯಂತ್ರ ಅಲ್ಲ" ಎಂದು ತಮ್ಮ ಕೂಗಿದಾಗ ಅಲ್ಲಿದ್ದ ಮಲಯಾಳಿ ಸಿಸ್ಟರ್‌ಗೆ ಭಾಷೆ ಗೊತ್ತಿಲ್ಲದಿದ್ದರೂ ಅರ್ಥವಾಗಿತ್ತು. ನನ್ನ ಕೈ ಹಿಡಿದು ನಿಂತುಬಿಟ್ಟರು.

ಆ ರಾತ್ರಿಯೇ ಈ ಯಂತ್ರ ಮಾಡಿದವರು ಯಾರು ಎಂದು ಹುಡುಕಿ ಓದಿದೆ. ತಿರುವನಂತಪುರದ ಜೆನ್‌ರೋಬೋಟಿಕ್ಸ್ ಕಂಪನಿ. ಕಟ್ಟಿದವರು ನಾಲ್ವರು ಗೆಳೆಯರು: ವಿಮಲ್ ಗೋವಿಂದ್, ಅರುಣ್ ಜಾರ್ಜ್, ನಿಖಿಲ್ ಎನ್.ಪಿ., ರಾಶಿದ್ ಕೆ. ಮಲಪ್ಪುರಂ ಜಿಲ್ಲೆಯ ಕುಟ್ಟಿಪ್ಪುರಂನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುವಾಗಲೇ ಮೈಗೆ ತೊಟ್ಟುಕೊಂಡರೆ ಬಲ ಕೊಡುವ ರೋಬೋಟ್ ಉಡುಪು ಮಾಡಲು ಹೊರಟಿದ್ದರಂತೆ. ಅಷ್ಟರಲ್ಲಿ, 2015ರಲ್ಲಿ, ಕಲ್ಲಿಕೋಟೆಯಲ್ಲಿ ಮ್ಯಾನ್‌ಹೋಲ್‌ಗೆ ಇಳಿದ ಇಬ್ಬರು ಕಾರ್ಮಿಕರು ಉಸಿರುಗಟ್ಟಿ ಸತ್ತರು. ಅವರನ್ನು ಉಳಿಸಲು ಇಳಿದ ಆಟೋ ಡ್ರೈವರ್ ಕೂಡ ಸತ್ತ. ಈ ಸಾವುಗಳು ನಾಲ್ವರನ್ನೂ ಬೇರೆ ಕಡೆ ತಿರುಗಿಸಿದವು. ಮ್ಯಾನ್‌ಹೋಲ್ ಕ್ಲೀನ್ ಮಾಡುವ ಬ್ಯಾಂಡಿಕೂಟ್ ರೋಬೋಟ್ ಮಾಡಿದರು. 2018ರಲ್ಲಿ ಅದು ತಿರುವನಂತಪುರದಲ್ಲಿ ಕೆಲಸ ಶುರು ಮಾಡಿತು. ಗುಂಡಿಗೆ ಇಳಿಯುತ್ತಿದ್ದ ಕಾರ್ಮಿಕರಿಗೇ ಅದನ್ನು ನಡೆಸುವ ತರಬೇತಿ ಕೊಟ್ಟರು. ಅದಾದ ಮೇಲೆ ಬಂದದ್ದು ನಡಿಗೆ ಕಲಿಸುವ ಈ ಯಂತ್ರ.

ಇದನ್ನು ಓದಿ ನಾನು ತುಂಬಾ ಹೊತ್ತು ಸುಮ್ನೆ ಕೂತೆ. ರೋಬೋಟ್ ಮಾಡುವ ಬುದ್ಧಿ ಇರುವವರು ಎಲ್ಲಿ ಬೇಕಾದರೂ ಹೋಗಬಹುದಿತ್ತು, ಅಲ್ವಾ? ಇವರು ಮೊದಲು ನೋಡಿದ್ದು ಕೆಲಸ ಮಾಡುತ್ತಾ ಜೀವ ಕಳೆದುಕೊಳ್ಳುವವರ ಕಡೆ, ಆಮೇಲೆ ಕಾಲು ಸೋತು ಮಲಗಿದವರ ಕಡೆ. ಒಂದು ಕಂಪನಿ ಯಾರಿಗಾಗಿ ದುಡಿಯಬೇಕು ಎಂದು ಅದರ ಮುಂದೆ ನಿಂತವರು ತೀರ್ಮಾನಿಸುತ್ತಾರೆ. ಇವರು ಮಾಡಿದ ತೀರ್ಮಾನ ನನ್ನ ತಮ್ಮನ ಹಾಸಿಗೆವರೆಗೆ ಬಂದು ಮುಟ್ಟಿತು. ವಿಮಲ್, ಅರುಣ್, ನಿಖಿಲ್, ರಾಶಿದ್, ನಿಮಗೂ ನಿಮ್ಮ ಜೊತೆ ದುಡಿಯುವ ಎಲ್ಲರಿಗೂ ನಮ್ಮ ಮನೆಯವರೆಲ್ಲರ ನಮಸ್ಕಾರ.

ಇನ್ನೊಬ್ಬರನ್ನೂ ನೆನೆಯಬೇಕು. ತಮ್ಮ ಬೇಜಾರಿನಿಂದ ಊಟ ಬಿಟ್ಟ ದಿನ ಅಲ್ಲಿನ ಥೆರಪಿಸ್ಟ್ ಅವನಿಗೆ ಅಮಿತ್ ಗೋಫರ್ ಎಂಬ ಇಸ್ರೇಲಿ ಇಂಜಿನಿಯರ್ ಕಥೆ ಹೇಳಿದರು. 1997ರ ಅಪಘಾತದಲ್ಲಿ ಅವರ ಕೈಕಾಲು ಸ್ವಾಧೀನ ತಪ್ಪಿದವು. ಅವರು ಗಾಲಿಕುರ್ಚಿಯಲ್ಲೇ ಕೂತು, ಕಾಲು ಬಾರದವರನ್ನು ನಡೆಸುವ ರೀವಾಕ್ ಎಂಬ ಯಂತ್ರ ಮಾಡಿದರು. ಅದಕ್ಕೆ ಊರುಗೋಲು ಹಿಡಿಯುವಷ್ಟು ಕೈಬಲ ಬೇಕು. ಹಾಗಾಗಿ ತಾವು ಮಾಡಿದ್ದನ್ನು ತಾವೇ ಬಳಸಲು ಅವರಿಗೆ ಆಗಲಿಲ್ಲ. ಆದರೂ ಬಿಡದೆ ಮಾಡಿ ಬೇರೆಯವರಿಗೆ ಕೊಟ್ಟರು. ಆ ಸಂಜೆ ತಮ್ಮ ಎರಡು ಸಲ ಅನ್ನ ಹಾಕಿಸಿಕೊಂಡ.

ಈ ಯಂತ್ರ ಎಲ್ಲರನ್ನೂ ನಡೆಸುತ್ತದೆ ಎಂದು ನಾನು ಹೇಳುವುದಿಲ್ಲ. ಹುರಿ ಪೂರ್ತಿ ತುಂಡಾಗಿದ್ದರೆ ಹೀಗೆ ನಡಿಗೆ ವಾಪಸ್ ಬರುವುದು ತೀರಾ ಕಷ್ಟ. ತಮ್ಮನ ಎಡಪಾದ ಇನ್ನೂ ಎಳೆಯುತ್ತದೆ, ಮತ್ತೆ ಮರ ಹತ್ತುವ ಮಾತೇ ಇಲ್ಲ. ಆದರೆ ಮಲಗಿದವನು ಎದ್ದು ತಾನೇ ಬಚ್ಚಲಿಗೆ ಹೋಗುವುದು ಎಷ್ಟು ದೊಡ್ಡದು ಎಂದು ನೋಡಿಕೊಂಡವರಿಗೆ ಗೊತ್ತು. ಅಮ್ಮನಿಗೆ ಅದಕ್ಕಿಂತ ದೊಡ್ಡದು ಬೇರೆ ಇಲ್ಲ.

ಇಂಥ ಯಂತ್ರ ಶಿವಮೊಗ್ಗಕ್ಕೂ ಬರಬೇಕು. ತೀರ್ಥಹಳ್ಳಿ, ಸಾಗರ, ಹೊಸನಗರದ ತೋಟಗಳಲ್ಲಿ ಬಿದ್ದವರೆಲ್ಲ ರೈಲು ಹತ್ತಿ ಕೇರಳಕ್ಕೆ ಹೋಗಲು ಆಗುವುದಿಲ್ಲ. ಈ ವರ್ಷ ನಮ್ಮ ತೋಟಕ್ಕೆ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದದ ಹಗುರ ಕೋಲು, ತಂದಿದ್ದೇವೆ, ನೆಲದ ಮೇಲೆ ನಿಂತೇ ಔಷಧಿ ಹೊಡೆಸಿದೆವು. ಕಷ್ಟವಾದರೂ ಇನ್ನೊಬ್ಬರನ್ನು ಮರ ಹತ್ತಿಸಲು ಮನಸ್ಸು ಬರಲಿಲ್ಲ.

ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಬಿದ್ದು ಮಲಗಿದ್ದರೆ ನನಗೆ ತಿಳಿಸಿ. ಯಾವ ಡಾಕ್ಟರನ್ನು ಏನು ಕೇಳಬೇಕು, ಎಷ್ಟು ಖರ್ಚು ಬರುತ್ತದೆ ಎಲ್ಲ ಹೇಳುತ್ತೇನೆ. ತಮ್ಮನೂ ಮಾತಾಡುತ್ತಾನೆ, ಅವನೇ ಇದನ್ನು ಬರೆಯಲು ಹೇಳಿದ.