ಹೆಸರು ಕೇಳಲು ಮರೆತ ಆ ಹಿರಿಯರಿಗೆ

ಕಳೆದ ತಿಂಗಳು ಮೈಸೂರಿನ ಬಣ್ಣದ ಅಂಗಡಿಯೊಂದರಲ್ಲಿ ನನ್ನ ಪಕ್ಕ ನಿಂತಿದ್ದ, ಉಗುರುಗಳ ಸಂದಿಯಲ್ಲಿ ಪುಟ್ಟಿ ಒಣಗಿ ಬೆಳ್ಳಗಾಗಿದ್ದ ಹಿರಿಯ ಪೇಂಟರ್ ಒಬ್ಬರಿಗೆ ಹೃತ್ಪೂರ್ವಕ ಧನ್ಯವಾದ ಸಲ್ಲಿಸಲು ಇದನ್ನು ಬರೆಯುತ್ತಿದ್ದೇನೆ.

ನಡುಮನೆಯ ಗೋಡೆ, ಮರದ ಬಾಗಿಲು, ಕಿಟಕಿಯ ಕಬ್ಬಿಣದ ಗ್ರಿಲ್ ಮೂರಕ್ಕೂ ಒಂದೇ ಶೇಡ್ ನಂಬರಿನ ಕೆನೆ ಬಣ್ಣ ಹೊಡೆಸಿದ್ದರೂ ಗೋಡೆ ಮಂಕಾಗಿ, ಬಾಗಿಲು ಹಳದಿಯಾಗಿ, ಗ್ರಿಲ್ ನಸುಗೆಂಪಾಗಿ ಕಾಣುತ್ತಿದ್ದವು. ಬಣ್ಣ ಬೆರೆಸಿದ್ದೇ ತಪ್ಪೆಂದು ನಾನು ನಂಬಿದ್ದೆ.

"ನಂಬರ್ ಒಂದೇ ಆದರೆ ಸಾಲದು ಸ್ವಾಮಿ, ಅಡಿಯಲ್ಲಿ ಏನಿದೆ ನೋಡಬೇಕು" ಎಂದರು ಅವರು. ಗ್ರಿಲ್‌ಗೆ ಮೊದಲು ಹಚ್ಚಿದ್ದ ರೆಡ್ ಆಕ್ಸೈಡ್ ಎಂಬ ತುಕ್ಕು ತಡೆಯುವ ಕೆಂಪು ಪ್ರೈಮರ್ ಮೇಲಿನ ತೆಳುವಾದ ಕೋಟಿನೊಳಗಿಂದ ಇಣುಕುತ್ತಿದೆಯೆಂದೂ, ಅದರ ಮೇಲೆ ಬಿಳಿ ಅಂಡರ್‌ಕೋಟ್ ಬೇಕೆಂದೂ, ಎಣ್ಣೆಯ ಎನಾಮೆಲ್ ಬೆಳಕು ಕಡಿಮೆಯಿರುವ ಕಡೆ ಕ್ರಮೇಣ ಹಳದಿಗೆ ತಿರುಗುವುದರಿಂದ ಬಾಗಿಲನ್ನು ಉಜ್ಜಿ ನೀರಿನ ಎನಾಮೆಲ್ ಹೊಡೆಸಬೇಕೆಂದೂ ತಾಳ್ಮೆಯಿಂದ ವಿವರಿಸಿದರು. ಮ್ಯಾಟ್ ಗೋಡೆಯ ಪಕ್ಕದಲ್ಲಿ ಪೂರ್ಣ ಹೊಳಪಿನ ಬಾಗಿಲಿದ್ದರೆ ಅದೇ ಬಣ್ಣವೂ ಬೇರೆಯಾಗಿ ತೋರುವುದರಿಂದ ಬಾಗಿಲಿಗೆ ಹದವಾದ ಹೊಳಪಿನ ಸ್ಯಾಟಿನ್ ಆರಿಸಿಕೊಟ್ಟರು. ಬಳಿಕ ಶೇಡ್ ಕಾರ್ಡನ್ನು ಮೊದಲು ಟ್ಯೂಬ್‌ಲೈಟಿನ ಕೆಳಗೆ, ಆಮೇಲೆ ಹೊಸ್ತಿಲಾಚೆಯ ಬಿಸಿಲಿಗೆ ಹಿಡಿದರು. ಅಷ್ಟರಲ್ಲೇ ಬಣ್ಣ ಬದಲಾದುದನ್ನು ನಾನು ಕಣ್ಣಾರೆ ಕಂಡೆ. ಡಬ್ಬದಿಂದ ಡಬ್ಬಕ್ಕೆ ಬಣ್ಣ ವ್ಯತ್ಯಾಸವಾಗದಂತೆ ಗೋಡೆಯ ಬಣ್ಣದ ಡಬ್ಬಗಳನ್ನೆಲ್ಲ ಒಂದೇ ಡ್ರಮ್ಮಿಗೆ ಸುರಿದು ಕಲಸಿಕೊಳ್ಳಬೇಕೆಂಬ ಮಾತು ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು.

ಅಯ್ಯಾ, ಈಗ ಬೆಳಗಿನ ಬಿಸಿಲು ಬಿದ್ದಾಗ ಗೋಡೆ, ಬಾಗಿಲು, ಗ್ರಿಲ್ ಮೂರೂ ಒಂದೇ ಬಣ್ಣದಲ್ಲಿ ನಿಂತಿವೆ. ತಾವು ಆ ಅಂಗಡಿಗೆ ಮತ್ತೆ ಬಂದರೆ ದಯವಿಟ್ಟು ಗಲ್ಲಾದವರಲ್ಲಿ ವಿಚಾರಿಸಿ, ನನ್ನ ಫೋನ್ ನಂಬರ್ ಕೊಟ್ಟಿದ್ದೇನೆ.